ಹೆಡಕಿನ ಮೇಲಿನ ಗುಳ್ಳೆಗಳು

(ಲೋಣಾವಳಾದ ಕನ್ನಡ ಬಾಂಧವರ ಮುಂದೆ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣದ ಬರಹರೂಪ)



ಆರೋಗ್ಯದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಚಾಲಕರು ನಮ್ಮನ್ನು ಕೇಳಿಕೊಂಡಾಗ ಅವರ ಮನಸ್ಸಿನಲ್ಲಿ ಸಕ್ಕರೆಯ ರೋಗವೋ ರಕ್ತದೊತ್ತಡವೋ ಇದ್ದಿತು. ಹೆಡಕಿನ ಮೇಲೆ ಏಳುವ ಗುಳ್ಳೆಗಳ ಕುರಿತು ಮಾತಾಡುತ್ತೇವೆ ಎಂದೊಡನೆ ಅವರು ಕ್ಷಣಹೊತ್ತು ಸುಮ್ಮನಾದರು. ಆಮೇಲೆ, "ಅದರಲ್ಲಿ ಒಂದು ತಾಸು ಹೇಳುವಂಥದೇನಿದೆ, ಡಾಕ್ಟರೇ?" ಎಂದು ಮೆಲ್ಲನೆ ಕೇಳಿದರು. ಅವರ ತಪ್ಪಲ್ಲ. ನಾವೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆವು. ಹಾಗೆ ತಿಳಿದುದರ ಫಲವನ್ನು ಒಬ್ಬ ಬಡ ಹುಡುಗನು ಉಂಡನು. ಅದನ್ನು ಹೇಳುವದಕ್ಕಾಗಿಯೇ ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಹೆಡಕು ಎಂಬ ಶಬ್ದ ಮೈಸೂರು, ಮಂಗಳೂರಿನ ಕಡೆಯವರಿಗೆ ಹೊಸದೆನಿಸಬಹುದು. ಧಾರವಾಡ, ಬೆಳಗಾವಿಯ ಕಡೆ ಕತ್ತಿನ ಹಿಂಭಾಗಕ್ಕೆ, ತಲೆಗೂದಲು ಮುಗಿದು ಕುತ್ತಿಗೆ ತೊಡಗುವ ಜಾಗಕ್ಕೆ, ಹಾಗೆನ್ನುತ್ತಾರೆ. ಅದು ನಮ್ಮ ಕಣ್ಣಿಗೆ ನಾವೇ ಕಾಣಲಾರದ ಜಾಗ. ಎದುರಿನ ಕನ್ನಡಿಯೂ ಅದನ್ನು ತೋರಿಸದು. ನಮ್ಮ ಹಿಂದಿನ ಬೆಂಚಿನಲ್ಲಿ ಕುಳಿತವರು ಮತ್ತು ಕ್ಷೌರದಂಗಡಿಯವರು, ಇವರಿಬ್ಬರೇ ನಮ್ಮ ಹೆಡಕನ್ನು ಚೆನ್ನಾಗಿ ಬಲ್ಲವರು.

ಸುಮಾರು ಹದಿನೈದು ವರ್ಷಗಳ ಕೆಳಗೆ ಕುಂದಾಪುರದ ಕಡೆಯ ಒಬ್ಬ ತರುಣನು ಈ ವಾಚನಾಲಯಕ್ಕೆ ದಿನವೂ ಬರುತ್ತಿದ್ದನು. ಊರಿನ ಒಂದು ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ಅವನ ಕೆಲಸ. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಸಿಗುವ ಎರಡು ತಾಸಿನಲ್ಲಿ ಇಲ್ಲಿ ಕುಳಿತು ಕನ್ನಡ ಪತ್ರಿಕೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವನು. ಯಾವಾಗಲೂ ಕಡೆಯ ಬೆಂಚು, ಗೋಡೆಗೆ ಬೆನ್ನು. ಮೇ ತಿಂಗಳ ಬಿಸಿಲಿನಲ್ಲಿಯೂ ಅಂಗಿಯ ಕಾಲರಿನ ಗುಂಡಿ ಹಾಕಿ, ಒಳಗೊಂದು ಕರವಸ್ತ್ರ ಸಿಕ್ಕಿಸಿಕೊಂಡಿರುವನು. ಇವನಿಗೆ ಟಾಕುಟೀಕಿನ ಶೋಕಿ ಎಂದು ಕೆಲವರು ನಗುತ್ತಿದ್ದರು.

ಅವನು ನಮ್ಮ ದವಾಖಾನೆಗೆ ಬಂದಾಗ ನಿಜ ತಿಳಿಯಿತು. ಹೆಡಕಿನ ಮೇಲೆ, ಕೂದಲಿನ ಅಂಚಿನಲ್ಲಿ, ಏಳೆಂಟು ಗುಳ್ಳೆಗಳು, ಎರಡರಲ್ಲಿ ಕೀವು, ಎರಡು ಗಟ್ಟಿಯಾಗಿ ಕಡಲೆಕಾಳಿನಷ್ಟು ದಪ್ಪಗಾಗಿದ್ದವು. ತುರಿಕೆ ಬಹಳ ಎಂದನು. ನಾವು ಕುರು ಎಂದು ತಿಳಿದು ಐದು ದಿನದ ಗುಳಿಗೆ ಬರೆದುಕೊಟ್ಟೆವು. ಗುಳ್ಳೆ ತುಸು ಇಳಿಯಿತು, ಮತ್ತೆ ಎದ್ದಿತು. ಮತ್ತೆ ಗುಳಿಗೆ, ಮತ್ತೆ ಗುಳ್ಳೆ. ಹೀಗೆ ಆರು ತಿಂಗಳು ಕಳೆದ ಮೇಲೆ ನಮಗೇ ಬೇಸರವಾಗಿ, ಜಾಗವನ್ನು ಮರಗಟ್ಟಿಸಿ, ಆ ಎರಡು ಗಂಟುಗಳನ್ನು ಚರ್ಮದ ಮಟ್ಟಕ್ಕೆ ಕೊಯ್ದು ಹೊಲಿಗೆ ಹಾಕಿದೆವು. "ಇನ್ನು ನಿಶ್ಚಿಂತೆ" ಎಂದು ಹೇಳಿಯೂ ಹೇಳಿದೆವು. ನಾಲ್ಕು ತಿಂಗಳಿಗೆ ಅವನು ತಿರುಗಿ ಬಂದಾಗ ಎರಡು ಗಂಟುಗಳಿದ್ದ ಜಾಗದಲ್ಲಿ ಅಡ್ಡಲಾಗಿ ಒಂದು ಬೆರಳಿನಷ್ಟು ಉದ್ದದ ಗಟ್ಟಿ ಪಟ್ಟಿ ಎದ್ದಿತ್ತು. ಅದರ ಮೇಲೆ ಕೂದಲೇ ಇರಲಿಲ್ಲ.

"ಡಾಕ್ಟ್ರೇ, ಇದು ಅಂಟುರೋಗವಾ? ಕಾವಲಿ ಹತ್ತಿರ ನಿಲ್ಲಬೇಡ ಅಂತ ಹೇಳ್ತಿದ್ದಾರೆ" ಎಂದನು. ಅವನನ್ನು ಪಾತ್ರೆ ತೊಳೆಯುವಲ್ಲಿಗೆ ಹಾಕಿದ್ದರು. ಪಗಾರವೂ ಇಳಿದಿತ್ತು. ಊರಲ್ಲಿ ನೋಡಿದ್ದ ಹೆಣ್ಣಿನ ಕಡೆಯವರು ಗಂಡಮಾಲೆ ಇರಬಹುದೆಂದು ಹಿಂದೆಗೆದಿದ್ದರು. ತಾಯಿಯು ನಾಗದೋಷವೆಂದು ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತಿದ್ದಳು. ಅಂದು ರಾತ್ರಿ ನಾವು ಪುಸ್ತಕ ತೆರೆದೆವು. ಮೊದಲೇ ತೆರೆಯಬೇಕಾಗಿದ್ದಿತು.

ಈ ವ್ಯಾಧಿಗೆ ವೈದ್ಯರು ಇಟ್ಟ ಹೆಸರು ಆಕ್ನೆ ಕೀಲಾಯ್ಡಾಲಿಸ್ ನ್ಯೂಕೆ. ಆಕ್ನೆ ಎಂದರೆ ಮೊಡವೆ. ಕೀಲಾಯ್ಡ್ ಎಂದರೆ ಗಾಯ ಮಾಯ್ದ ಮೇಲೂ ಏಡಿಯ ಕೊಂಡಿಗಳಂತೆ ಸುತ್ತಲೂ ಬೆಳೆಯುತ್ತ ಹೋಗುವ ಉಬ್ಬುಗಲೆ. ನ್ಯೂಕಾ ಎಂದರೆ ಹೆಡಕು; ಆ ಶಬ್ದವು ಅರಬ್ಬಿಯಿಂದ ಲ್ಯಾಟಿನ್ನಿಗೆ ಬಂದುದು. ಈ ಮೂರರಲ್ಲಿ ಕೊನೆಯದೊಂದೇ ಸರಿಯಾದದ್ದು ಎಂದರೆ ನೀವು ನಕ್ಕೀರಿ. ಇದು ಮೊಡವೆಯಲ್ಲ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ನಿಜವಾದ ಕೀಲಾಯ್ಡೂ ಅಲ್ಲ. ವಿಯೆನ್ನಾದ ಹೆಬ್ರಾ ಎಂಬ ಮಹಾವೈದ್ಯನು 1860ರಲ್ಲಿ ಇದನ್ನು ವರ್ಣಿಸಿದಾಗ ಅಂಜೂರ ಮತ್ತು ರಾಸ್ಪ್‌ಬೆರಿ ಎಂಬ ಎರಡು ಹಣ್ಣುಗಳ ಹೆಸರನ್ನು ಕೂಡಿಸಿ ಇಟ್ಟನು. ಅವನು ನಮ್ಮ ಘಟ್ಟದಲ್ಲಿ ಹುಟ್ಟಿದ್ದರೆ ಕವಳಿಹಣ್ಣಿನ ಹೆಸರಿಡುತ್ತಿದ್ದನೋ ಏನೋ. 1869ರಲ್ಲಿ ಅವನ ಅಳಿಯನಾದ ಕಪೋಸಿಯು ಬೇರೊಂದು ಹೆಸರಿಟ್ಟನು. 1872ರಲ್ಲಿ ಫ್ರಾನ್ಸಿನ ಬಾಜಿನ್ ಎಂಬವನು ಮೊಡವೆ-ಕೀಲಾಯ್ಡ್ ಎಂದನು, ಅದೇ ಅಂಟಿಕೊಂಡಿತು. ನಮ್ಮ ಸುಶ್ರುತನೂ ಕ್ಷುದ್ರರೋಗಗಳಲ್ಲಿ ತಲೆಯ ಮೇಲೆ ಏಳುವ, ಹಲವು ಬಾಯಿಗಳುಳ್ಳ ಅರೂಂಷಿಕಾ ಎಂಬ ಹುಣ್ಣನ್ನು ಹೇಳಿದ್ದಾನೆ. ಅದೂ ಇದೂ ಒಂದೇ ಎಂದು ನಾವು ವಾದಿಸುವದಿಲ್ಲ. ನಮ್ಮಲ್ಲಿ ಎಲ್ಲವೂ ಮೊದಲೇ ಇದ್ದಿತು ಎಂಬ ಚಟ ವೈದ್ಯಕ್ಕೆ ಒಳ್ಳೆಯದಲ್ಲ.

ಹೆಸರಿನ ಗೊಡವೆ ಇಷ್ಟು ಹೇಳಲು ಕಾರಣವಿದೆ. ಮೊಡವೆ ಎಂದ ಕೂಡಲೆ ಜನ ಹಿಚುಕುತ್ತಾರೆ. ಕೀಲಾಯ್ಡ್ ಎಂದ ಕೂಡಲೆ ಇದಕ್ಕೆ ಮದ್ದಿಲ್ಲವೆಂದು ಕೈಬಿಡುತ್ತಾರೆ. ಎರಡೂ ಕೆಡುಕೇ.

ಒಳಗೆ ನಡೆಯುವದೇನು? ಒಂದು ಕೂದಲನ್ನು ಬುಡಸಹಿತ ನೆಲದಲ್ಲಿ ನೆಟ್ಟ ಸಸಿಯೆಂದು ಭಾವಿಸಿರಿ. ಅದರ ಸುತ್ತ ಚರ್ಮದೊಳಗೆ ಒಂದು ತೆಳ್ಳನೆಯ ಕೊಳವೆಯಿದೆ, ಅದೇ ರೋಮಕೂಪ. ಕೊಳವೆಯ ಪಕ್ಕಕ್ಕೆ ಎಣ್ಣೆಯ ಗ್ರಂಥಿ. ಗ್ರಂಥಿಯ ಸ್ವಲ್ಪ ಕೆಳಗೆ, ಹಳೆಯ ಕೂದಲು ಉದುರಿದಾಗ ಹೊಸದನ್ನು ಹುಟ್ಟಿಸುವ ಮೂಲಜೀವಕೋಶಗಳು, ಅಂದರೆ ಬೀಜದ ಕಣಜ. ಈ ವ್ಯಾಧಿಯಲ್ಲಿ ಕೊಳವೆಯ ಮೇಲ್ಭಾಗದ ಸುತ್ತ ಉರಿಯೂತ ತೊಡಗುತ್ತದೆ. ಎಣ್ಣೆಯ ಗ್ರಂಥಿ ಬೇಗನೆ ನಾಶವಾಗುತ್ತದೆ. ಕೊಳವೆಯ ಗೋಡೆ ತೆಳ್ಳಗಾಗಿ ಒಡೆಯುತ್ತದೆ. ಆಗ ಕೂದಲಿನ ತುಂಡು ಚರ್ಮದ ಒಳಪದರಕ್ಕೆ ಬಿದ್ದುಬಿಡುತ್ತದೆ. ಕೂದಲು ನಮ್ಮದೇ ಆದರೂ ಆ ಜಾಗದಲ್ಲಿ ಅದು ಪರಕೀಯ. ಕಾಲಿಗೆ ನೆಟ್ಟ ಮುಳ್ಳಿನ ಮೇಲೆ ಹೇಗೋ ಹಾಗೆ ದೇಹವು ಅದರ ಮೇಲೆ ಯುದ್ಧ ಹೂಡುತ್ತದೆ. ಮುಳ್ಳನ್ನಾದರೆ ಚಿಮಟಿಗೆಯಿಂದ ತೆಗೆಯಬಹುದು. ಇಲ್ಲಿ ಹತ್ತಾರು ಮುಳ್ಳುಗಳು ಕಣ್ಣಿಗೆ ಕಾಣದ ಆಳದಲ್ಲಿ. ಯುದ್ಧ ಮುಗಿಯುವದೇ ಇಲ್ಲ. ಕೊನೆಗೆ ದೇಹವು ಆ ಜಾಗವನ್ನೆಲ್ಲ ಗಟ್ಟಿ ನಾರಿನಿಂದ ಮುಚ್ಚಿಬಿಡುತ್ತದೆ. ಆ ನಾರಿನ ಗಡ್ಡೆಯೇ ನಮ್ಮ ಬೆರಳಿಗೆ ಸಿಗುವ ಗಂಟು. ಬೀಜದ ಕಣಜವೂ ಅದರಲ್ಲಿ ಹೂತುಹೋಗುವದರಿಂದ ಮತ್ತೆ ಕೂದಲು ಹುಟ್ಟುವದಿಲ್ಲ. ಕೆಲವೆಡೆ ಅಳಿದುಳಿದ ನಾಲ್ಕೈದು ಕೂದಲು ಒಂದೇ ರಂಧ್ರದಿಂದ, ಬ್ರಶ್ಶಿನ ಕುಚ್ಚಿನ ಹಾಗೆ ಹೊರಬಂದಿರುತ್ತವೆ. ಅದನ್ನು ಕಂಡರೆ ಕುರುವಲ್ಲವೆಂದು ತಿಳಿಯಬೇಕು. ಆ ಹುಡುಗನಿಗೂ ಅಂಥ ಎರಡು ಕುಚ್ಚುಗಳಿದ್ದವು. ನಾವು ನೋಡಿದ್ದೆವು, ಅರ್ಥ ತಿಳಿದಿರಲಿಲ್ಲ.

ಮೊದಲ ಕಿಡಿ ಯಾವದು ಎಂಬಲ್ಲಿ ಬಲ್ಲವರಲ್ಲಿಯೇ ಒಮ್ಮತವಿಲ್ಲ. ಗುಂಗುರುಕೂದಲು ಕತ್ತರಿಸಿದ ಮೇಲೆ ಬಾಗಿ ತಿರುಗಿ ಚರ್ಮವನ್ನೇ ಚುಚ್ಚುತ್ತದೆ ಎಂದು ಹಿಂದೆ ಎಲ್ಲರೂ ನಂಬಿದ್ದರು. ಗಡ್ಡದಲ್ಲಿ ಹಾಗಾಗುವದುಂಟು. ಆದರೆ ಇದು ಮೊದಲಿನಿಂದಲೇ ರೋಮಕೂಪವನ್ನು ಸುಟ್ಟು ಕಲೆ ಮಾಡುವ ಜಾತಿಯ ಬೇನೆಯೆಂದು ಅಮೆರಿಕದ ಸ್ಪರ್ಲಿಂಗ್ ಮೊದಲಾದವರು 2000ದಲ್ಲಿ ತೋರಿಸಿಕೊಟ್ಟರು. ಕ್ರಿಮಿಗಳು ಕೀವಿನಲ್ಲಿ ಸಿಕ್ಕುವದುಂಟು. ಅವು ಬಂದು ಸೇರಿಕೊಂಡ ನೆಂಟರು, ಮನೆಯ ಯಜಮಾನರಲ್ಲ. ಆದುದರಿಂದಲೇ ಐದು ದಿನದ ಗುಳಿಗೆ ಸೋಲುತ್ತದೆ. ಒಬ್ಬರಿಂದ ಒಬ್ಬರಿಗೆ ಇದು ಅಂಟುವದಿಲ್ಲ. ಇದು ಗಂಡಮಾಲೆಯಲ್ಲ, ಗಂಡಮಾಲೆಯು ಕ್ಷಯದ ಗಂಟು, ಸಾಮಾನ್ಯವಾಗಿ ಕತ್ತಿನ ಪಕ್ಕಗಳಲ್ಲಿ ಚರ್ಮದ ಕೆಳಗೆ ಬರುವದು. ಇದು ಕುಷ್ಠವೂ ಅಲ್ಲ, ಕೊಳಕಿನಿಂದ ಬಂದುದೂ ಅಲ್ಲ. ಹರಕೆ ತೀರಿಸಿ ಬರುವದಕ್ಕೆ ನಮ್ಮ ಅಡ್ಡಿಯೇನೂ ಇಲ್ಲ, ಆದರೆ ದಾರಿಯಲ್ಲಿ ವೈದ್ಯರನ್ನೂ ಕಂಡುಹೋಗಬೇಕು.

ಯಾರಿಗೆ ಬರುತ್ತದೆ? ಹರೆಯಕ್ಕೆ ಬಂದ ಗಂಡಸರಿಗೆ. ಹೆಂಗಸರಲ್ಲಿ ಬಹಳ ಅಪರೂಪ. ಆಫ್ರಿಕ ಮೂಲದ, ಒತ್ತು ಗುಂಗುರುಕೂದಲಿನ ಗಂಡಸರಲ್ಲಿ ಎಲ್ಲಕ್ಕೂ ಹೆಚ್ಚು. ನಮ್ಮ ದೇಶದಲ್ಲಿ ಅಷ್ಟಿಲ್ಲದಿದ್ದರೂ ಇದ್ದೇ ಇದೆ. ಮೈ ಭಾರವಾದವರಲ್ಲಿ, ಹೆಡಕಿನಲ್ಲಿ ಮಡಿಕೆ ಬಿದ್ದವರಲ್ಲಿ ಕಾಣುವದು; ಅಂಥವರು ಸಕ್ಕರೆಯನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುವದು ಲೇಸು. ತಿಕ್ಕಾಟ ಎಲ್ಲಿದೆಯೋ ಅಲ್ಲಿ ಇದು ಬಲಿಯುತ್ತದೆ. ತಲೆಗೆ ಬಿಗಿಯಾದ ಶಿರಸ್ತ್ರಾಣ ತೊಟ್ಟು ಆಡುವ ಅಮೆರಿಕದ ಫುಟ್‌ಬಾಲ್ ಆಟಗಾರರಲ್ಲಿ ಈ ಗುಳ್ಳೆಗಳನ್ನು ಹುಡುಕಿ 1997ರಲ್ಲಿಯೇ ವರದಿ ಮಾಡಿದ್ದಾರೆ.

ಆದರೆ ನಮಗೆ ಎಲ್ಲಕ್ಕೂ ಹೆಚ್ಚು ಪಾಠ ಕಲಿಸಿದ್ದು ದಕ್ಷಿಣ ಆಫ್ರಿಕದ ಕೇಪ್ ಟೌನಿನಲ್ಲಿ ಡಾ. ಖುಮಾಲೋ ಎಂಬ ವೈದ್ಯೆಯು ಮಾಡಿದ ಕೆಲಸ. ಆಕೆ ಆಸ್ಪತ್ರೆಯಲ್ಲಿ ಕುಳಿತು ರೋಗಿಗಳಿಗಾಗಿ ಕಾಯಲಿಲ್ಲ. ಶಾಲೆಯ ಮಕ್ಕಳ ತಲೆಗಳನ್ನು ನೋಡಿದಳು, ಕೂದಲು ಹೇಗೆ ಕತ್ತರಿಸಿಕೊಳ್ಳುತ್ತೀರಿ ಎಂದು ಕೇಳಿದಳು. ತಲೆಯನ್ನು ನುಣ್ಣಗೆ ಹೆರೆಸಿಕೊಳ್ಳುವ ಪದ್ಧತಿಗೂ ಈ ಗುಳ್ಳೆಗೂ ಸಂಬಂಧವಿದೆಯೆಂದು ಕಂಡುಬಂದಿತು. ಗುಳ್ಳೆಯಿದ್ದವರಲ್ಲಿ ಕ್ಷೌರದ ಕಾಲಕ್ಕೆ ರಕ್ತ ಬರುವದು ಹೆಚ್ಚೆಂದು 2011ರಲ್ಲಿ ಆಕೆಯೂ ಸಂಗಡಿಗರೂ ಬರೆದರು. ಒಬ್ಬನ ರಕ್ತ ಹತ್ತಿದ ಅಲಗು ಇನ್ನೊಬ್ಬನ ತಲೆಯ ಮೇಲೆ ಆಡಿದರೆ ಕಾಮಾಲೆಯ ಹೆಪಟೈಟಿಸ್ ಬಿ ಯಂಥ ವಿಷಗಳು ದಾಟಬಲ್ಲವು. ಗುಳ್ಳೆ ಅಂಟುವದಿಲ್ಲ, ಆದರೆ ಗುಳ್ಳೆಯ ಮೇಲೆ ಆಡಿದ ಕತ್ತಿಯು ಅಂಟುರೋಗಗಳ ವಾಹನವಾದೀತು. ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಎಂಬದು ಗಿರಾಕಿಯ ದೊಡ್ಡಸ್ತಿಕೆಯ ಮಾತಲ್ಲ; ಅದನ್ನು ಕೇಳಲು ಸಂಕೋಚಬೇಡ.

ಇನ್ನು ನಮ್ಮೂರಿನ ಮಾತು. 1945ರಲ್ಲಿ ಇಲ್ಲಿ ನೌಕಾದಳದ ಶಿವಾಜಿ ತರಬೇತಿ ಕೇಂದ್ರವಾಯಿತು. ಅಂದಿನಿಂದ ಹಿಂದಲೆಗೆ ಮೆಷಿನ್ ಹಾಕಿಸಿದ ಕ್ರಾಪು ಪೇಟೆಯಲ್ಲಿ ಕಣ್ಣಿಗೆ ಬೀಳುತ್ತಲೇ ಇದೆ. ಅವರಿಗೆ ಅದು ಶಿಸ್ತು. ಊರ ಹುಡುಗರಿಗೆ ಈಗ ಅದೇ ಫ್ಯಾಶನ್ನು. ಫೇಡ್ ಎಂದು ಕರೆದು ಹದಿನೈದು ದಿನಕ್ಕೊಮ್ಮೆ ಝೀರೋ ಮೆಷಿನ್ ಆಡಿಸಿ, ಮೇಲಿಂದ ಕತ್ತಿಯಲ್ಲಿ ಅಂಚು ಕೊರೆಸಿ, ಪಟಕ ತಿಕ್ಕಿಸಿಕೊಳ್ಳುತ್ತಾರೆ. ಜೂನ್ ತಿಂಗಳಿಗೆ ಮಳೆ ಹಿಡಿದರೆ ನಾಲ್ಕು ತಿಂಗಳು ಅಂಗಿ ಒಣಗುವದಿಲ್ಲ. ಒದ್ದೆ ಕಾಲರು, ಅದರ ಮೇಲೆ ಪ್ಲ್ಯಾಸ್ಟಿಕ್ಕಿನ ರೇನಕೋಟು, ಅದರ ಮೇಲೆ ಹೆಲ್ಮೆಟ್ಟಿನ ಅಂಚು. ಹೋಟೆಲಿನವರಿಗಾದರೆ ಒಲೆಯ ಬೆವರು ಬೇರೆ. ಇದರಿಂದ ಎಲ್ಲರಿಗೂ ಬೇನೆ ಬರುವದೆಂದಲ್ಲ. ಬರುವ ಪ್ರವೃತ್ತಿಯಿದ್ದವನಿಗೆ ಇದಕ್ಕಿಂತ ಒಳ್ಳೆಯ ಗೊಬ್ಬರ ಬೇಡ. ಹೆಲ್ಮೆಟ್ಟು ಬಿಡಿರೆಂದು ಮಾತ್ರ ನಾವು ಹೇಳಲಾರೆವು. ಖಂಡಾಳಾ ಘಟ್ಟದ ರಸ್ತೆಯಲ್ಲಿ ಒಡೆದ ತಲೆಗಳನ್ನು ಕಂಡವರು ನಾವು. ಅಳತೆಗೆ ಸರಿಯಾದದ್ದನ್ನು ಕೊಂಡು ಒಳಗಿನ ಗಾದಿಯನ್ನು ಆಗಾಗ ತೊಳೆದು ಒಣಗಿಸಿರಿ, ಅಷ್ಟೇ.

ಕ್ಷೌರಕ್ಕೆ ಕುಳಿತಾಗ "ಮಾನೇವರ್ ವಸ್ತರಾ ನಕೋ" ಎಂದು ಮರಾಠಿಯಲ್ಲಿ ಹೇಳಿದರೆ ಸಾಕು, ಕುತ್ತಿಗೆಯ ಮೇಲೆ ಕತ್ತಿ ಬೇಡವೆಂದು ಅವರು ತಿಳಿಯುತ್ತಾರೆ. ಹೆಡಕಿನಲ್ಲಿ ಕೂದಲನ್ನು ಕತ್ತರಿಯಿಂದ, ಅರ್ಧ ಬೆರಳಿನ ಅಗಲವಾದರೂ ಬಿಟ್ಟು ಕತ್ತರಿಸಿಕೊಳ್ಳಬೇಕು. ಗುಳ್ಳೆಯನ್ನು ಉಗುರಿನಿಂದ ಕೆದರಬಾರದು, ಹಿಚುಕಬಾರದು, ಸೂಜಿಯಿಂದ ಕೂದಲು ಕೀಳಬಾರದು. ಕಾಲರು ಮೆತ್ತಗಿರಲಿ, ಬಿಚ್ಚಿರಲಿ. ಮುಚ್ಚಿಡಲು ಹಾಕಿದ ಕಾಲರೇ ಬೇನೆಯನ್ನು ಬೆಳೆಸುವದು. ಆ ಹುಡುಗನ ಕರವಸ್ತ್ರವು ನಾಚಿಕೆಯನ್ನು ಮುಚ್ಚುತ್ತಿತ್ತು, ಗುಳ್ಳೆಯನ್ನು ತಿಕ್ಕುತ್ತಿತ್ತು.

ಔಷಧದ ಮಾತು ಬಂದಾಗ ವೇಳೆಯೇ ಮುಖ್ಯ. ಸಣ್ಣ ಗುಳ್ಳೆಗಳಿರುವಾಗ ಬಲವಾದ ಸ್ಟಿರಾಯ್ಡ್ ಮುಲಾಮನ್ನು ಕೆಲ ವಾರ ಹಚ್ಚಿ, ಕೆಲ ವಾರ ಬಿಟ್ಟು, ಮತ್ತೆ ಹಚ್ಚಿ ಉರಿಯೂತವನ್ನು ಆರಿಸುತ್ತಾರೆ. ಕೀವಿದ್ದರೆ ಕ್ಲಿಂಡಾಮೈಸಿನ್ ದ್ರವ. ಜೋರಿದ್ದರೆ ಡಾಕ್ಸಿಸೈಕ್ಲಿನ್ ಗುಳಿಗೆ. ಆ ಗುಳಿಗೆಯನ್ನು ಇಲ್ಲಿ ಕೊಡುವದು ಕ್ರಿಮಿಯ ಸಲುವಾಗಿ ಮಾತ್ರವಲ್ಲ, ಉರಿಯೂತವನ್ನು ತಗ್ಗಿಸುವ ಗುಣ ಅದಕ್ಕೆ ಇರುವದರಿಂದ. ಆದುದರಿಂದ ಐದು ದಿನವಲ್ಲ, ಹಲವು ವಾರ. ತುಂಬ ನೀರಿನ ಸಂಗಡ, ಕುಳಿತೋ ನಿಂತೋ ನುಂಗಬೇಕು, ನುಂಗಿದೊಡನೆ ಮಲಗಬಾರದು. ಗಂಟು ಗಟ್ಟಿಯಾಗಿದ್ದರೆ ಟ್ರಯಾಮ್ಸಿನೊಲೋನ್ ಎಂಬ ಔಷಧವನ್ನು ಗಂಟಿನೊಳಕ್ಕೇ ಚುಚ್ಚಿ ಕೆಲವಾರು ವಾರಗಳಿಗೊಮ್ಮೆ ಮೆತ್ತಗೆ ಮಾಡುತ್ತಾರೆ; ಆ ಜಾಗ ಕೆಲವೊಮ್ಮೆ ಬಿಳಿಚುವದುಂಟು, ಕುಳಿ ಬೀಳುವದುಂಟು, ಅದನ್ನು ಮೊದಲೇ ರೋಗಿಗೆ ಹೇಳಬೇಕು. ಕೂದಲಿನ ಬುಡವನ್ನೇ ಸುಡುವ ಲೇಸರ್ ಕಿರಣದಿಂದಲೂ ಈಗ ಒಳ್ಳೆಯ ಗುಣ ಕಾಣುತ್ತಿದೆ. ಕೂದಲಿಲ್ಲದಲ್ಲಿ ಮುಳ್ಳಿಲ್ಲ, ಇದೇ ಅದರ ತರ್ಕ. ಖರ್ಚು ಮಾತ್ರ ಹೆಚ್ಚು.

ಬಲವಾದ ಮುಲಾಮು ಎಂದೊಡನೆ ಔಷಧದ ಅಂಗಡಿಯಿಂದ ಸಿಕ್ಕಿದ ಟ್ಯೂಬು ತರುವವರಿದ್ದಾರೆ. ಸ್ಟಿರಾಯ್ಡು, ಗಜಕರ್ಣದ ಮದ್ದು, ಕ್ರಿಮಿಯ ಮದ್ದು, ಮೂರನ್ನೂ ಒಂದರಲ್ಲಿಯೇ ಕಲಸಿದ ಟ್ಯೂಬುಗಳು ನಮ್ಮ ದೇಶದ ಒಂದು ಶಾಪ. ತಿಂಗಳುಗಟ್ಟಲೆ ಬಿಡದೆ ಹಚ್ಚಿದರೆ ಚರ್ಮ ಕಾಗದದಂತಾಗುತ್ತದೆ, ಗಜಕರ್ಣವಿದ್ದರೆ ಅದು ವೇಷ ಮರೆಸಿಕೊಂಡು ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರಕಾರವು ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮ ಮಾಡಿತು. ನಿಯಮವು ಕಾಗದದ ಮೇಲಿದೆ. ಟ್ಯೂಬು ಕೇಳದಿರುವದು ನಿಮ್ಮ ಕೈಯಲ್ಲಿದೆ.

ಗಂಟುಗಳೆಲ್ಲ ಕೂಡಿ ಪಟ್ಟಿಯಾದ ಮೇಲೆ ಕತ್ತಿಯೊಂದೇ ಗತಿ. ನಮ್ಮ ತಪ್ಪು ಇದ್ದುದು ಇಲ್ಲಿಯೇ. ಹುಲ್ಲನ್ನು ಮೇಲಿಂದ ಕೊಯ್ದು ಬೇರನ್ನು ಬಿಟ್ಟಂತೆ ನಾವು ಗಂಟನ್ನು ಚರ್ಮದ ಮಟ್ಟಕ್ಕೆ ಕೊಯ್ದಿದ್ದೆವು. ಕೂದಲಿನ ಬುಡಕ್ಕಿಂತ ಕೆಳಗೆ, ಕೊಬ್ಬಿನ ಪದರದ ಆಳದವರೆಗೆ ತೆಗೆಯಬೇಕು; ಹಿಂದಿನ ಕೂದಲಿನ ಅಂಚನ್ನೂ ಸೇರಿಸಿ ಅಡ್ಡಲಾಗಿ ತೆಗೆಯಬೇಕು. ತೆಗೆದ ಮೇಲೆ ಹಲವು ಸಲ ಹೊಲಿಯದೆ ಹಾಗೆಯೇ ತೆರೆದಿಟ್ಟು, ಗಾಯವು ತಳದಿಂದ ತಾನಾಗಿ ತುಂಬಿಕೊಂಡು ಬರಲು ಬಿಡುತ್ತಾರೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ತಾನಾಗಿ ಕೂಡಿಕೊಂಡ ಗಾಯ ಕಡೆಗೆ ಕುಗ್ಗಿ ಚಿಕ್ಕದಾಗುತ್ತದೆ. ಎಳೆದು ಹೊಲಿದದ್ದು ಅಗಲವಾಗುವದೇ ಹೆಚ್ಚು.

ಹುಡುಗನಿಗೆ ನಾವು ಇದೆಲ್ಲವನ್ನೂ ಹೇಳಿದೆವು, ಮೊದಲ ಸಲ ನಾವು ಮಾಡಿದ್ದು ತಪ್ಪೆಂಬದನ್ನೂ ಹೇಳಿದೆವು. ಅವನು ಸಿಟ್ಟಾಗಲಿಲ್ಲ. ಆದರೆ ಬಹಳ ಹೊತ್ತು ಮಾತಾಡಲೂ ಇಲ್ಲ. ಪುಣೆಯ ಚರ್ಮರೋಗ ತಜ್ಞರಿಗೆ ಚೀಟಿ ಕೊಟ್ಟು ಲೋಕಲ್ ಗಾಡಿಯಲ್ಲಿ ಕಳಿಸಿದೆವು. ಅಲ್ಲಿ ಶಸ್ತ್ರಕ್ರಿಯೆಯಾಯಿತು. ಇದು ಅಂಟುವದಿಲ್ಲವೆಂದು ಅವರ ಕೈಬರಹ ತರಿಸಿ ಹೋಟೆಲಿನ ಯಜಮಾನರಿಗೂ ತೋರಿಸಿದೆವು. ಅವರು ಒಪ್ಪಿದರು ಎನ್ನಿರಿ, ಆದರೆ ಗಾಯ ಮಾಯುವ ತನಕ ಕಾವಲಿ ಬೇಡವೆಂದರು. ಅದು ತಪ್ಪೆಂದು ನಾವೂ ಅನ್ನಲಾರೆವು.

ತೆರೆದ ಗಾಯಕ್ಕೆ ದಿನವೂ ಪಟ್ಟಿ ಬದಲಿಸಬೇಕು. ಹೆಡಕಿನ ಗಾಯಕ್ಕೆ ತನ್ನ ಕೈಯಿಂದ ತಾನೇ ಪಟ್ಟಿ ಕಟ್ಟಿಕೊಳ್ಳುವದು ಯಾರಿಂದಲೂ ಆಗದು. ಅವನ ಕೋಣೆಯ ಸಂಗಡಿಗರು ಅಸಹ್ಯಪಟ್ಟರು. ಆಗ ಈ ವಾಚನಾಲಯದ ಪುಸ್ತಕ ಕೊಡುವ ಹಿರಿಯರೊಬ್ಬರು, ಈಗ ಅವರಿಲ್ಲ, ನಮ್ಮಲ್ಲಿಗೆ ಬಂದು ಪಟ್ಟಿ ಕಟ್ಟುವದನ್ನು ಎರಡು ದಿನ ನಿಂತು ಕಲಿತರು. ಆಮೇಲೆ ಎರಡು ತಿಂಗಳಿಗೂ ಮಿಕ್ಕಿ ಪ್ರತಿ ಮಧ್ಯಾಹ್ನ, ಈ ಪಕ್ಕದ ಕೋಣೆಯಲ್ಲಿ, ಕೈ ತೊಳೆದುಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಅವನ ಗಾಯ ಒರೆಸಿ ಪಟ್ಟಿ ಹಾಕಿದರು. ಹುಡುಗನು ತಲೆ ಬಗ್ಗಿಸಿಕೊಂಡೇ ಅವರಿಗೆ ಪತ್ರಿಕೆ ಓದಿಹೇಳುತ್ತಿದ್ದನು. ನಡುವೆ ಒಂದು ದಿನ ರಕ್ತ ಕಂಡು ಇಬ್ಬರೂ ಹೆದರಿ ನಮ್ಮಲ್ಲಿಗೆ ಓಡಿಬಂದದ್ದುಂಟು, ಏನೂ ಆಗಿರಲಿಲ್ಲ.

ಈಗ ಅವನು ತಳೇಗಾವದ ಹತ್ತಿರ ತನ್ನದೇ ಒಂದು ಸಣ್ಣ ಹೋಟೆಲು ನಡೆಸುತ್ತಾನೆ. ಮದುವೆಯಾಗಿದೆ. ಹೆಡಕಿನಲ್ಲಿ ಎರಡು ಬೆರಳಗಲ ನುಣುಪಾದ ಕಲೆ ಇದೆ, ಅಲ್ಲಿ ಕೂದಲಿಲ್ಲ. ಹೋದ ತಿಂಗಳು ಪುಣೆಯಿಂದ ಬರುವಾಗ ಅಲ್ಲಿ ಇಳಿದೆವು. ದುಂಡುಕೊರಳಿನ ಬನಿಯನ್ನಿನಲ್ಲಿ ಕಾವಲಿಯ ಮುಂದೆ ನಿಂತಿದ್ದನು. ನಮ್ಮನ್ನು ಕಂಡೊಡನೆ ಸಟುಗ ಕೆಳಗಿಟ್ಟು, ಗಿರಾಕಿಗಳ ಎದುರಿಗೇ ಕತ್ತು ಬಗ್ಗಿಸಿ, "ಡಾಕ್ಟ್ರೇ, ಎಡಗಡೆ ಏನೋ ಕೈಗೆ ಸಿಗ್ತದೆ, ಸ್ವಲ್ಪ ನೋಡಿ" ಎಂದನು. ನೋಡಿದೆವು. ಕಲೆಯ ಎಡಕ್ಕೆ ಹೊಸದಾಗಿ ಒಂದು ಗುಳ್ಳೆ, ಸಾಸಿವೆಕಾಳಿನಷ್ಟು. ಅಲ್ಲಿಯೇ ಬಿಲ್ಲಿನ ಹಿಂಬದಿಗೆ ಮುಲಾಮು ಬರೆದುಕೊಟ್ಟು, ಮಸಾಲೆದೋಸೆ ತಿಂದು, ಮುಂದಿನ ಲೋಕಲ್ ಹಿಡಿದು ಬಂದೆವು.